ವೀಲ್‌ಚೇರ್ ಕಟ್ಟಿದರೆ ಸಾಲದು, ಮಗುವನ್ನೂ ಕಟ್ಟಬೇಕು

ಸೆರೆಬ್ರಲ್ ಪಾಲ್ಸಿ ಇರುವ 9 ವರ್ಷದ, 24 ಕೆಜಿ ತೂಕದ ಮಗಳನ್ನು ವೀಲ್‌ಚೇರ್ ಸಮೇತ ವ್ಯಾನಿಗೆ ಹತ್ತಿಸಿ, ಬ್ರೇಕ್ ಹಾಕಿ, ನೈಲಾನ್ ಹಗ್ಗದಲ್ಲಿ ಬಿಗಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಎತ್ತಿ ವ್ಯಾನಿನ ಸೀಟಿಗೇ ಕೂರಿಸಲು ಆಗುವುದಾದರೆ ಅದೇ ಮೇಲು. ಅವಳ ತೂಕಕ್ಕೆ ಹೊಂದುವ, ತಲೆ-ಬೆನ್ನಿಗೆ ಆಸರೆಯಿರುವ ಐದು ಪಾಯಿಂಟ್ ಬೆಲ್ಟಿನ (ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ನಡುವೆ ಹಿಡಿಯುವ) ಚೈಲ್ಡ್ ಸೀಟ್ ಹಾಕಿ, ಖಾಲಿ ಕುರ್ಚಿಯನ್ನು ಹಿಂದೆ ಕಟ್ಟಿಡಿ. ನಿಮ್ಮದು ಆಸ್ಪತ್ರೆಯಲ್ಲಿ ಕಾಣುವಂಥ ಮಡಚುವ ಕ್ರೋಮ್ ಕುರ್ಚಿಯಾದರೆ ಇದನ್ನೇ ಮಾಡಿ. ಓಡುವ ಗಾಡಿಯಲ್ಲಿ ಕೂರಲೆಂದು ಅದನ್ನು ಮಾಡಿದ್ದಲ್ಲ.

ಕುರ್ಚಿಯಲ್ಲೇ ಕೂರಿಸಬೇಕಾದರೆ ಐಎಸ್ಒ 7176-19 (ವಾಹನದಲ್ಲಿ ಸೀಟಿನಂತೆ ಬಳಸುವ ವೀಲ್‌ಚೇರಿನ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆ ಪಾಸಾದದ್ದು ಬೇಕು. ಬೆಲ್ಟ್ ಸಿಗಿಸುವ ನಾಲ್ಕು ಜಾಗದಲ್ಲಿ ಕೊಕ್ಕೆಯ ಗುರುತಿರುತ್ತದೆ. ಆ ಪರೀಕ್ಷೆಯಲ್ಲಿ ಗಂಟೆಗೆ 48 ಕಿಮೀ ವೇಗದ ಡಿಕ್ಕಿಯ ಹೊಡೆತ ಕೊಡುತ್ತಾರೆ. ಆ ಕ್ಷಣಕ್ಕೆ ಬೀಳುವ ಬಲ ತೂಕದ ಸುಮಾರು 20 ಪಟ್ಟು, ಅಂದರೆ 18 ಕೆಜಿ ಕುರ್ಚಿ 360 ಕೆಜಿಯಂತೆ ಮುನ್ನುಗ್ಗುತ್ತದೆ. ಬ್ರೇಕ್ ಹಿಡಿಯುವುದು ಚಕ್ರವನ್ನು ಮಾತ್ರ. ಹಗ್ಗವೋ, ಗಂಟು ಜಾರಿದರೆ ಮುಗಿಯಿತು.

ಕುರ್ಚಿ ಮುಂದಕ್ಕೇ ಮುಖ ಮಾಡಿರಲಿ, ಅಡ್ಡಡ್ಡ ಬೇಡವೇ ಬೇಡ. ಮುಂದೆ ಎರಡು, ಹಿಂದೆ ಎರಡು ಬೆಲ್ಟ್ ಕೊಕ್ಕೆಗಳನ್ನು ಆ ಗುರುತಿನ ಜಾಗಕ್ಕೇ ಸಿಗಿಸಿ; ಚಕ್ರ, ಫುಟ್‌ರೆಸ್ಟ್, ಕಳಚುವ ಆರ್ಮ್‌ರೆಸ್ಟ್ ಯಾವುದಕ್ಕೂ ಅಲ್ಲ. ಬೆಲ್ಟಿನ ಇನ್ನೊಂದು ತುದಿ ಸಿಗಿಸುವ ನೆಲದ ಕೊಂಡಿ ವಾಹನದ ಗಟ್ಟಿ ಚೌಕಟ್ಟಿಗೆ ಬೋಲ್ಟ್ ಆಗಿರಬೇಕು. ಗ್ಯಾರೇಜಿನಲ್ಲಿ ನೆಲದ ತಗಡಿಗೆ ವೆಲ್ಡ್ ಮಾಡಿಸಿದ ಕೊಂಡಿ ತಗಡಿನ ಸಮೇತ ಕಿತ್ತು ಬರಬಹುದು.

ಹೆಚ್ಚಿನವರು ಎಡವುವುದು ಮಗುವಿನ ಬೆಲ್ಟಿನಲ್ಲಿ. ಕುರ್ಚಿಯಲ್ಲಿ ನೆಟ್ಟಗೆ ಕೂರಲು ಕಟ್ಟುವ ವೆಲ್ಕ್ರೋ ಪಟ್ಟಿ, ಎದೆಪಟ್ಟಿ ಅಪಘಾತದಲ್ಲಿ ಮಗುವನ್ನು ತಡೆದು ಹಿಡಿಯುವುದಿಲ್ಲ. ಸೊಂಟಕ್ಕೂ ಭುಜಕ್ಕೂ ಬರುವ ಪ್ರತ್ಯೇಕ ಸೀಟ್ ಬೆಲ್ಟ್ ಬೇಕು. ಸೊಂಟದ ಪಟ್ಟಿ ಆರ್ಮ್‌ರೆಸ್ಟಿನ ಒಳಗಿಂದ ಹಾದು, ತೊಡೆ ಸೇರುವಲ್ಲಿ ಮೂಳೆಯ ಮೇಲೆ ಕೂರಲಿ. ಆರ್ಮ್‌ರೆಸ್ಟಿನ ಮೇಲಿಂದ ಹಾಕಿದರೆ ನಡುವೆ ಒಂದು ಹಿಡಿ ಜಾಗ ಉಳಿದು, ಮಗು ಕೆಳಕ್ಕೆ ಜಾರಿ ಪಟ್ಟಿ ಹೊಟ್ಟೆಗೋ ಕುತ್ತಿಗೆಗೋ ಏರುತ್ತದೆ. ಭುಜದ ಪಟ್ಟಿ ಭುಜದ ನಡುವೆ ಹಾಯಲಿ, ಕುತ್ತಿಗೆ ಉಜ್ಜಬಾರದು. ತಲೆ ವಾಲುತ್ತದೆಂದು ಹಣೆಗೆ ಪಟ್ಟಿ ಕಟ್ಟಿ ಕುರ್ಚಿಗೆ ಬಿಗಿಯುತ್ತಾರೆ. ಡಿಕ್ಕಿಯಲ್ಲಿ ಮೈ ಮುಂದೆ ಹೋಗಿ ತಲೆ ಹಿಂದೆಯೇ ಉಳಿದರೆ ಕುತ್ತಿಗೆಯ ಗತಿ ಏನು? ಹಿಂದೆ ಹೆಡ್‌ರೆಸ್ಟ್ ಇರಲಿ, ಬೇಕಿದ್ದರೆ ಮೆತ್ತನೆಯ ಕಾಲರ್. ಕುರ್ಚಿ ಒರಗುವಂಥದ್ದಾದರೆ 30 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿಸಬೇಡಿ.

ಊಟದ ಟ್ರೇ ಕಳಚಿ ಬೇರೆ ಕಟ್ಟಿಡಿ. ಕಫ ಎಳೆಯುವ ಸಕ್ಷನ್ ಮಷಿನ್, ಆಕ್ಸಿಜನ್ ಸಿಲಿಂಡರ್ ಇದ್ದರೆ ಅವಕ್ಕೂ ಪಟ್ಟಿ ಬೇಕು. ಹೊರಡುವ ಮುಂಚೆ ಕುರ್ಚಿಯ ಚೌಕಟ್ಟು ಹಿಡಿದು ಹಿಂದೆ-ಮುಂದೆ ಜಗ್ಗಿ ನೋಡಿ, ಸಡಿಲವೆನಿಸಿದರೆ ಮತ್ತೆ ಬಿಗಿಯಿರಿ. ಡಿಕ್ಕಿ ಕಂಡ ಬೆಲ್ಟನ್ನು, ಹರಿದಿರದಿದ್ದರೂ, ಮತ್ತೆ ಬಳಸಬೇಡಿ.