ಕಲಬುರಗಿಯ ಹೊಲದ ದಾರಿಗೆ ಈ ಹೊಸ ಸ್ಟೀಲ್ ಗ್ರಾವೆಲ್ (ಕಚ್ಚಾ ದಾರಿಯ) ಸೈಕಲ್ ಫ್ರೇಮ್ ಹೊಂದುತ್ತದೆಯೇ?

ನೀವು ಕೊಟ್ಟ ಅಳತೆ, ಮಿಲಿಮೀಟರಿನಲ್ಲಿ: ಸ್ಟ್ಯಾಕ್ (ಬಿಬಿ, ಅಂದರೆ ಪೆಡಲಿನ ಕ್ರ್ಯಾಂಕ್ ತಿರುಗೋ ಬಾಟಮ್ ಬ್ರಾಕೆಟ್‌ನಿಂದ, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ತುದಿಗೆ ಎತ್ತರ) 585, ರೀಚ್ (ಅದೇ ಎರಡರ ನಡುವಿನ ಅಡ್ಡ ದೂರ) 385, ಅಡ್ಡ ಟಾಪ್ ಟ್ಯೂಬ್ (ಸೀಟಿನ ಪೈಪಿನಿಂದ ಹೆಡ್ ಟ್ಯೂಬಿಗೆ ಅಡ್ಡ ದೂರ) 558, ಚೈನ್‌ಸ್ಟೇ (ಬಿಬಿಯಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಪೈಪು) 435, ಬಿಬಿ ಡ್ರಾಪ್ (ಆಕ್ಸಲ್‌ಗಳಿಗಿಂತ ಬಿಬಿ ಎಷ್ಟು ಕೆಳಗೆ) 75, ಫೋರ್ಕ್ ಆಫ್‌ಸೆಟ್ (ಹ್ಯಾಂಡಲ್ ತಿರುಗೋ ಗೆರೆಗಿಂತ ಮುಂದಿನ ಆಕ್ಸಲ್ ಎಷ್ಟು ಮುಂದೆ) 50, ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 1042. ಹೆಡ್ ಕೋನ (ಹೆಡ್ ಟ್ಯೂಬ್ ನೆಲಕ್ಕೆ ಮಾಡೋ ಕೋನ) 71 ಡಿಗ್ರಿ, ಸೀಟ್ ಕೋನ (ಸೀಟಿನ ಪೈಪಿನದು) 73.5. ಟೈರ್ ಹೆಚ್ಚೆಂದರೆ 700×45 (45 ಮಿ.ಮೀ. ಅಗಲ). ನಿಮ್ಮ ಎತ್ತರ 172 ಸೆಂ.ಮೀ., ಕಾಲಿನ ಒಳ ಅಳತೆ (ತೊಡೆಸಂದಿಯಿಂದ ನೆಲಕ್ಕೆ) 80. ಓಡಿಸೋದು ಊರ ಸುತ್ತಿನ ಹೊಲದ ದಾರಿ, ಆಗಾಗ ಹುಮನಾಬಾದ್ ಮೇಲಿಂದ ಬೀದರ್. ತಗೊಳ್ರಿ ಅಂತಲೇ ಹೇಳ್ತೀನಿ. ಆದರೆ ಹಿಂದಿನ ಟೈರಿನ ಅಕ್ಕಪಕ್ಕ ಎಷ್ಟು ಜಾಗ ಉಳಿಯುತ್ತೆ ಅನ್ನೋದನ್ನ ಮೊದಲು ಬರಹದಲ್ಲಿ ತರಿಸಿಕೊಂಡು, ಆಮೇಲೆ ದುಡ್ಡು ಕೊಡಿ.

ಮೊದಲು ಅಳತೆ ಪಟ್ಟಿಯೇ ನಂಬುವಂಥದ್ದಾ ನೋಡೋಣ. ಸ್ಟ್ಯಾಕನ್ನು ಸೀಟ್ ಕೋನದ ಟ್ಯಾನ್‌ನಿಂದ ಭಾಗಿಸಿ ರೀಚ್‌ಗೆ ಕೂಡಿಸಿದರೆ ಅಡ್ಡ ಟಾಪ್ ಟ್ಯೂಬ್ ಬರಬೇಕು. 585ನ್ನು 3.376ರಿಂದ ಭಾಗಿಸಿದರೆ 173, ಅದಕ್ಕೆ 385 ಸೇರಿದರೆ 558. ವೀಲ್‌ಬೇಸ್ ಕೂಡ ತಾಳೆಯಾಗುತ್ತೆ. ಹೊಸ ಕಂಪನಿಗಳ ಪಟ್ಟಿಯಲ್ಲಿ ಈ ಲೆಕ್ಕ 10 ಮಿ.ಮೀ. ತಪ್ಪಿದ್ದರೆ ಉಳಿದ ಅಂಕಿಗಳನ್ನೂ ನಂಬಬೇಡಿ.

ಮೈಗೆ ಹೊಂದುತ್ತಾ? ಒಳ ಅಳತೆಯ 0.883 ಪಟ್ಟು ಹಿಡಿದರೆ ನಿಮ್ಮ ಸೀಟಿನ ಎತ್ತರ ಬಿಬಿ ನಡುವಿನಿಂದ ಸುಮಾರು 706. ಸ್ಟೆಮ್ (ಹ್ಯಾಂಡಲ್ ಹಿಡಿಯೋ ತುಂಡು) ಕೆಳಗೆ 20 ಮಿ.ಮೀ. ಸ್ಪೇಸರ್ (ಎತ್ತರಿಸೋ ಉಂಗುರ), 80 ಮಿ.ಮೀ. ಸ್ಟೆಮ್ ಹಾಕಿದರೆ ಹ್ಯಾಂಡಲ್ ಸೀಟಿಗಿಂತ ಸುಮಾರು 2 ಸೆಂ.ಮೀ. ಅಷ್ಟೇ ಕೆಳಗಿರುತ್ತೆ. ದೂರದ ಸವಾರಿಗೆ ಅದು ಆರಾಮ. ಒಂದು ನೆನಪಿಡಿ, ಪ್ರತಿ 10 ಮಿ.ಮೀ. ಸ್ಪೇಸರ್ ಏರಿಸಿದಾಗ ರೀಚ್ 3 ಮಿ.ಮೀ. ಕಮ್ಮಿಯಾಗುತ್ತೆ. ಸ್ಪೇಸರ್ 40 ದಾಟಬೇಕಾಗಿ ಬಂದರೆ ಸೈಜೇ ಚಿಕ್ಕದು ಅಂತ ಅರ್ಥ.

ಹ್ಯಾಂಡಲ್ ತಿರುಗೋ ಗುಣ ಟ್ರೇಲ್ ಮೇಲೆ, ಅಂದರೆ ಹ್ಯಾಂಡಲ್ ತಿರುಗೋ ಗೆರೆ ನೆಲ ಮುಟ್ಟೋ ಜಾಗಕ್ಕಿಂತ ಟೈರ್ ನೆಲ ಮುಟ್ಟೋ ಜಾಗ ಎಷ್ಟು ಹಿಂದಿದೆ ಅನ್ನೋದರ ಮೇಲೆ ನಿಂತಿದೆ. 45ರ ಟೈರ್ ಇದ್ದಾಗ ಇಲ್ಲಿ ಟ್ರೇಲ್ ಸುಮಾರು 70, ಡಾಂಬರಿಗೆಂದು 32ರ ಟೈರ್ ಹಾಕಿದರೆ 65. ಸಡಿಲ ಕಲ್ಲಿನ ಮೇಲೆ ಮುಂದಿನ ಗಾಲಿ ಅಲ್ಲಾಡಲ್ಲ, ಹಾಗಂತ ಊರೊಳಗೆ ಭಾರವೂ ಅನಿಸಲ್ಲ. ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲುಗಣಿ ದಾರಿಗಳಿಗೆ ನಾನು ಆರಿಸೋದೂ ಇಷ್ಟನ್ನೇ. ಮುಂದೆ ಸಸ್ಪೆನ್ಷನ್ ಫೋರ್ಕ್ ಹಾಕೋ ಆಸೆ ಇದ್ದರೆ ಫೋರ್ಕಿನ ಉದ್ದ ಕೇಳಿಟ್ಟುಕೊಳ್ಳಿ. 20 ಮಿ.ಮೀ. ಉದ್ದ ಹೆಚ್ಚಾದರೆ ಹೆಡ್ ಕೋನ ಸುಮಾರು 1 ಡಿಗ್ರಿ ಮಲಗುತ್ತೆ.

ಬಿಬಿ ಡ್ರಾಪ್ 75 ಅಂದರೆ ಬಿಬಿ ನೆಲದಿಂದ 280ರಷ್ಟು ಮೇಲೆ. 170ರ ಕ್ರ್ಯಾಂಕ್ ಕೆಳಗೆ ಬಂದಾಗ 110 ಉಳಿಯುತ್ತೆ, ಟ್ರ್ಯಾಕ್ಟರ್ ಗಾಲಿ ಜಾಡಿನಲ್ಲಿ ಅದು ಸಾಕು. 650ಬಿ ಅನ್ನೋ ಚಿಕ್ಕ ಚಕ್ರಕ್ಕೆ 47ರ ಟೈರ್ ಹಾಕಿದರೆ 94ಕ್ಕೆ ಇಳಿಯುತ್ತೆ, ಆಗ ಜಾಡಿನ ಅಂಚಿಗೆ ಪೆಡಲ್ ಬಡಿಯೋದು ಖಂಡಿತ. ಕಾಲ್ಬೆರಳು ಮುಂದಿನ ಗಾಲಿಗೆ ತಾಗೋದನ್ನೂ ನೋಡಬೇಕು. ಬಿಬಿಯಿಂದ ಮುಂದಿನ ಆಕ್ಸಲ್‌ಗೆ 618 ಬರುತ್ತೆ, ಅದರಲ್ಲಿ ಟೈರ್ ಸೇರಿದ ಗಾಲಿಯ ಅರ್ಧ ವ್ಯಾಸ 356 ಕಳೆದರೆ ಉಳಿಯೋದು 262. ಕ್ರ್ಯಾಂಕ್ 170, ಬೂಟಿನ ಮುಂಭಾಗ ಸುಮಾರು 100. ನಿಧಾನವಾಗಿ ಪೂರ್ತಿ ತಿರುಗಿಸುವಾಗ ತಾಗಬಹುದು, ಮಡ್‌ಗಾರ್ಡ್ ಹಾಕಿದರೆ ತಾಗೇ ತಾಗುತ್ತೆ. 165ರ ಕ್ರ್ಯಾಂಕ್ ತಗೊಳ್ಳಿ. ಇದೊಂದಕ್ಕೆ ಫ್ರೇಮ್ ಬಿಡಬೇಕಿಲ್ಲ.

ನಿಜವಾದ ತೊಡಕು ಎರೆಮಣ್ಣಿನದು. ‘45ರವರೆಗೆ ಹಿಡಿಯುತ್ತೆ’ ಅನ್ನೋ ಮಾತನ್ನ ಒಬ್ಬರು ಎರಡೂ ಬದಿ 6 ಮಿ.ಮೀ. ಬಿಟ್ಟು ಹೇಳ್ತಾರೆ, ಇನ್ನೊಬ್ಬರು 3 ಬಿಟ್ಟು. ಅದಕ್ಕೇ ಟೈರ್ ಅತಿ ಅಗಲವಿರೋ ಕಡೆ ಎರಡು ಚೈನ್‌ಸ್ಟೇಗಳ ನಡುವಿನ ಒಳ ಅಳತೆ ಎಷ್ಟು ಅಂತ ಕೇಳಿ. 57 ಇದ್ದರೆ ಒಳ್ಳೆಯದು, 51 ಅಂದರೆ ಅದನ್ನ 40ರ ಫ್ರೇಮ್ ಅಂತಲೇ ತಿಳೀರಿ. ಅಗಲ ರಿಮ್ ಮೇಲೆ 45ರ ಟೈರ್ 47 ಆಗೋದೂ ಉಂಟು. ಮಳೆ ಬಿದ್ದ ತೊಗರಿ ಹೊಲದ ಮಣ್ಣು ಟೈರಿಗೆ ಮೆತ್ತಿ, ಎರಡು ಚೈನ್‌ಸ್ಟೇ ಜೋಡಿಸೋ ಅಡ್ಡತುಂಡಿನ ಹತ್ತಿರ ಗಟ್ಟಿಯಾಗಿ ಗಾಲಿಯನ್ನೇ ನಿಲ್ಲಿಸುತ್ತೆ. ಅದರೊಳಗಿನ ಸಣ್ಣ ಕಲ್ಲು ಬಣ್ಣ ಕೆರೆದ ಜಾಗದಿಂದಲೇ ತುಕ್ಕು ಶುರು. ಚೈನ್‌ಸ್ಟೇ ಒಳಮೈಗೆ ಮೊದಲ ದಿನವೇ ದಪ್ಪ ಪಾರದರ್ಶಕ ಟೇಪ್ ಅಂಟಿಸಿ, ಮಳೆಗಾಲಕ್ಕೆ 38 ಅಥವಾ 40 ಹಾಕಿ. ಹಸಿ ಎರೆಮಣ್ಣಿಗೆ ಎಷ್ಟು ಜಾಗವಿದ್ದರೂ ಸಾಲದು, ಜೋರು ಮಳೆಯ ಮರುದಿನ ಹೊಲದ ದಾರಿ ಬಿಟ್ಟು ಡಾಂಬರ್ ಹಿಡಿಯೋದೇ ಸರಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಇಷ್ಟು ಕಾಡಲ್ಲ.

ಪೈಪಿನ ಬಗ್ಗೆ ಮಾರೋರ ಮಾತಿಗೆ ಮರುಳಾಗಬೇಡಿ. 4130 ಕ್ರೋಮೋಲಿ ಇರಲಿ, ರೆನಾಲ್ಡ್ಸ್ 853 ಇರಲಿ (ಎರಡೂ ಮಿಶ್ರ ಉಕ್ಕಿನ ಬಗೆಗಳು), ಉಕ್ಕಿನ ಬಿಗಿತ ಒಂದೇ. ಹೆಚ್ಚೋದು ಬಲ, ಅದರಿಂದ ಗೋಡೆಯನ್ನ ತೆಳು ಮಾಡಬಹುದು, ತೂಕ ಇಳಿಯುತ್ತೆ. ಬಾಗೋದು ಬಾಗದಿರೋದು ಪೈಪಿನ ವ್ಯಾಸ ಮತ್ತು ಗೋಡೆಯ ದಪ್ಪದ ಮೇಲೆ. ಆದ್ದರಿಂದ ಡೌನ್ ಟ್ಯೂಬ್ (ಹೆಡ್ ಟ್ಯೂಬಿನಿಂದ ಬಿಬಿಗೆ ಇಳಿಯೋ ಪೈಪು) ವ್ಯಾಸ ಎಷ್ಟು, ಗೋಡೆ 0.8/0.5/0.8 ತರಹ ಬಟೆಡ್ (ತುದಿಗಳಲ್ಲಿ ದಪ್ಪ, ನಡುವೆ ತೆಳು) ಹೌದಾ, ಅಂತ ಕೇಳಿ. ಬರೀ ‘ಹೈ ಟೆನ್ಸೈಲ್’ (ಅಗ್ಗದ ಸಾದಾ ಉಕ್ಕು) ಅಂತ ಬರೆದಿದ್ದರೆ ಬೇಡ.

ಪೆಟ್ಟಿಗೆ ಬಂದ ದಿನ ಒಂದು ದಾರ ತಗೊಳ್ಳಿ. ಒಂದು ಡ್ರಾಪ್‌ಔಟ್‌ನಿಂದ (ಹಿಂದಿನ ಆಕ್ಸಲ್ ಕೂರುವ ಜಾಗ) ಹೆಡ್ ಟ್ಯೂಬ್ ಸುತ್ತಿ ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ಕಟ್ಟಿ, ಸೀಟ್ ಟ್ಯೂಬಿನಿಂದ ಎರಡೂ ಕಡೆ ದಾರದ ದೂರ ಅಳೀರಿ. ವ್ಯತ್ಯಾಸ 1 ಮಿ.ಮೀ. ಇದ್ದರೆ ನಡೆಯುತ್ತೆ, 3 ಇದ್ದರೆ ವಾಪಸ್ ಕಳಿಸಿ. ಬಿಬಿ ಅಂಚು, ಬ್ರೇಕ್ ಕೂರುವ ಜಾಗದ ಮೇಲೆ ಬಣ್ಣ ಉಳಿದಿದ್ದರೆ ಫೇಸಿಂಗ್ (ಅಂಚು ಕೊರೆದು ಸಮ ಮಾಡೋದು) ಆಗಿಲ್ಲ ಅಂತ ಲೆಕ್ಕ. ಆ ಟೂಲ್ ನಮ್ಮ ಕಡೆಯ ಸೈಕಲ್ ಅಂಗಡಿಗಳಲ್ಲಿ ಹುಡುಕೋದು ಕಷ್ಟ, ಕಳಿಸೋ ಮುಂಚೆಯೇ ಮಾಡಿಸಿ ಅಂತ ಹೇಳಿ. ಬಿಬಿ 68 ಮಿ.ಮೀ. ಥ್ರೆಡ್‌ನದೇ ಇರಲಿ, ಹ್ಯಾಂಗರ್ (ಹಿಂದಿನ ಗೇರ್ ಡಿರೇಲರ್ ತೂಗೋ ತುಂಡು) ಒಂದು ಹೆಚ್ಚಿಗೆ ತರಿಸಿ.

ಬಿಬಿ ಕೆಳಗೆ ನೀರು ಇಳಿಯೋ ತೂತು ಇದೆಯಾ ನೋಡಿ, ಬಿಡಿಭಾಗ ಜೋಡಿಸೋ ಮುಂಚೆ ಪೈಪಿನೊಳಗೆ ತುಕ್ಕು ನಿರೋಧಕ ಹಾಕಿ. ಪೇಂಟ್ ಅಂಗಡಿಯಲ್ಲಿ ಸಿಗೋ ಕಾಯಿಸಿದ ಅಗಸಿ ಎಣ್ಣೆಯೂ ಆಗುತ್ತೆ. ಪ್ರತಿ ಪೈಪಿಗೂ ಸ್ವಲ್ಪ ಸುರಿದು, ಫ್ರೇಮನ್ನ ಎಲ್ಲ ದಿಕ್ಕಿಗೂ ತಿರುಗಿಸಿ, ಹೆಚ್ಚಿನದ್ದನ್ನ ಬಸಿದು ಕೆಲವು ದಿನ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ನಮ್ಮ ಬೇಸಿಗೆಯಲ್ಲಂತೂ ಕೇಳಲೇಬೇಡಿ. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ.