ಟ್ರಂಕಿನಲ್ಲಿ ಸಿಕ್ಕ ಸಚಿನ್ ಕಾರ್ಡಿಗೆ ಲಕ್ಷ ರೂಪಾಯಿ ಬರುತ್ತದಾ?

ಪ್ರಶ್ನೆ: ಮುಳುಗಡೆಯಲ್ಲಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ತಂದಿದ್ದ ಟ್ರಂಕನ್ನು ಈಗ ತೆಗೆದೆವು. ಅಣ್ಣ ಕೂಡಿಟ್ಟಿದ್ದ ಬಿಗ್ ಫನ್ ಬಬಲ್ ಗಮ್ಮಿನ ಕ್ರಿಕೆಟ್ ಕಾರ್ಡುಗಳು, ಒಂದು ಕಟ್ಟು ಟ್ರಂಪ್ ಕಾರ್ಡು ಸಿಕ್ಕವು. ಸಚಿನ್ ಕಾರ್ಡಿಗೆ ನೆಟ್‌ನಲ್ಲಿ ಲಕ್ಷಗಟ್ಟಲೆ ಬೆಲೆ ತೋರಿಸುತ್ತಿದೆ. ನಿಜವಾ ಸರ್? ಹಾಳಾಗದಂತೆ ಲ್ಯಾಮಿನೇಷನ್ ಮಾಡಿಸಲಾ?

ಉತ್ತರ: ಮೊದಲು ಎರಡನೇ ಪ್ರಶ್ನೆ. ಲ್ಯಾಮಿನೇಷನ್ ಬೇಡ್ರಿ, ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಕಾರ್ಡು ಹರಿಯದೆ ಬಿಡಿಸಲು ಆಗುವುದಿಲ್ಲ. ಸಂಗ್ರಹ ಮಾಡುವವರು ಅದನ್ನು ಹಾಳಾದ ಕಾರ್ಡು ಅಂತಲೇ ನೋಡುತ್ತಾರೆ.

ಇನ್ನು ಲಕ್ಷದ ಮಾತು. ನೀವು ನೋಡಿದ್ದು ಮಾರುವವನು ಕೇಳುವ ಬೆಲೆ, ಅವನು ಕೋಟಿ ಬೇಕಾದರೂ ಕೇಳಬಹುದು, ಯಾರು ತಡೆಯುತ್ತಾರೆ? ಇಬೇ (eBay) ಜಾಲತಾಣದಂಥ ಕಡೆ ಮಾರಾಟವಾಗಿ ಹೋದ ವಸ್ತುಗಳ ಪಟ್ಟಿ ಬೇರೆಯೇ ಸಿಗುತ್ತದೆ, ಅದನ್ನು ನೋಡಿ. ಬರೀ ಹಳೇದು ಅಂತ ಯಾರೂ ದುಡ್ಡು ಕೊಡುವುದಿಲ್ಲ. ಬೇಕು ಅನ್ನುವವರು ಇರಬೇಕು, ಕಾರ್ಡೂ ನೆಟ್ಟಗಿರಬೇಕು. ಬಿಗ್ ಫನ್ ಕಾರ್ಡಿನಲ್ಲಿ ರನ್ನು, ವಿಕೆಟ್ಟು ಇರುತ್ತಿತ್ತಲ್ವಾ, ಅದನ್ನು ಕೂಡಿಸಿ ಕೊಟ್ಟರೆ ಬಹುಮಾನ. ಹಾಗಾಗಿ ಹುಡುಗರು ಕಾರ್ಡನ್ನು ಜೇಬಿನಲ್ಲಿ ತುರುಕಿಕೊಂಡು ಓಡಾಡಿದರು, ಅದಲುಬದಲು ಮಾಡಿದರು, ಕಡೆಗೆ ಕೊಟ್ಟೇಬಿಟ್ಟರು. ಚೊಕ್ಕವಾಗಿ ಉಳಿದದ್ದು ಕಡಿಮೆ. ಆದರೆ ಕೊಳ್ಳುವವರೂ ಕಡಿಮೆಯೇ, ಹೆಚ್ಚಾಗಿ ಆ ಕಾಲದಲ್ಲಿ ಹುಡುಗರಾಗಿದ್ದವರು. ಟ್ರಂಪ್ ಕಾರ್ಡಾದರೆ ಪೂರ್ತಿ ಕಟ್ಟು ಇದೆಯಾ, ಡಬ್ಬಿ ಇದೆಯಾ ನೋಡಿ. ಒಂದು ಎಲೆ ಕಳೆದಿದ್ದರೂ ಬೆಲೆ ಇಳಿಯುತ್ತದೆ.

ಸ್ಥಿತಿ ನೋಡಲು ಕಿಟಕಿಯ ಬೆಳಕು ಸಾಕು. ನಾಲ್ಕೂ ಮೂಲೆ ಚೂಪಾಗಿವೆಯಾ, ಚಿತ್ರದ ಸುತ್ತಲಿನ ಬಿಳಿ ಅಂಚು ಎರಡೂ ಕಡೆ ಸಮ ಇದೆಯಾ ನೋಡಿ. ಆಮೇಲೆ ಕಾರ್ಡನ್ನು ಓರೆ ಹಿಡಿಯಿರಿ, ನೇರ ನೋಡಿದರೆ ಕಾಣದ ಮಡಚಿದ ಗೆರೆ ಆಗ ಕಾಣುತ್ತದೆ. ಹಿಂದೆ ಪೆನ್ನಿನಲ್ಲಿ ಹೆಸರು ಬರೆದಿದ್ದರೆ ಅದೂ ದೋಷವೇ. ಅಮೆರಿಕದ ಪಿಎಸ್‌ಎ ಸಂಸ್ಥೆ ಕಾರ್ಡುಗಳಿಗೆ 1ರಿಂದ 10ರವರೆಗೆ (10 ಅಂದರೆ ಅತ್ಯುತ್ತಮ) ದರ್ಜೆ ಕೊಡುವುದೂ ಇವನ್ನೆಲ್ಲ ನೋಡಿಯೇ. ಸ್ಥಿತಿಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಗೊತ್ತಾ? 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡು, 9.5 ದರ್ಜೆಯದು, 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಅದೇ ಕಾರ್ಡು ಸವೆದು ಮಡಚಿದ್ದರೆ ಇದರ ನೂರನೇ ಒಂದು ಭಾಗವೂ ಹುಟ್ಟುವುದಿಲ್ಲ.

ಹಾಗಂತ ಕತ್ತರಿ ಹಿಡಿದು ಅಂಚು ಸರಿಮಾಡಲು ಹೋಗಬೇಡಿ, ಅದೂ ದೋಷವೇ. ಹೋನಸ್ ವಾಗ್ನರ್ ಅನ್ನುವ ಬೇಸ್‌ಬಾಲ್ ಆಟಗಾರನ ಸಿಗರೇಟ್ ಕಾರ್ಡೊಂದು (ಸಿಗರೇಟ್ ಪ್ಯಾಕಿನಲ್ಲಿ ಬರುತ್ತಿದ್ದ ಕಾರ್ಡು) ಜಗತ್ಪ್ರಸಿದ್ಧ. ಅದರ ಅಂಚು ಕತ್ತರಿಸಿದ್ದು ತಾನೇ ಎಂದು ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ನಿಮ್ಮ ಕಾರ್ಡು ವಿದೇಶಕ್ಕೆ ಕಳಿಸಿ ದರ್ಜೆ ಹಾಕಿಸುವುದೂ ಸದ್ಯಕ್ಕೆ ಬೇಡ, ಖರ್ಚೇ ಜಾಸ್ತಿ ಆಗುತ್ತದೆ.

ಪ್ರಶ್ನೆ: ಬೆಳಗಾವಿ ಮಳೆಗೆ ಪ್ರತಿ ವರ್ಷ ಕಾರ್ಡಿನ ಮೇಲೆ ಬೂಷ್ಟು ಬರುತ್ತಿದೆ. ಬಿಸಿಲಿಗೆ ಇಡಲಾ?

ಉತ್ತರ: ಬಿಸಿಲಿಗೆ ಬಣ್ಣ ಹೋಗುತ್ತದೆ. ಫ್ಯಾನ್ ಗಾಳಿಗೆ ಒಣಗಿಸಿ, ಮೆತ್ತನೆ ಒಣ ಕುಂಚದಿಂದ ಮೆಲ್ಲಗೆ ಒರೆಸಿ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕವರಿನಲ್ಲಿ ಹಾಕಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪಿವಿಸಿ ಕವರು ಕಾಲ ಕಳೆದಂತೆ ಅಂಟಂಟಾಗುತ್ತದೆ. ರಬ್ಬರ್ ಬ್ಯಾಂಡ್ ಇದ್ದರೆ ಇವತ್ತೇ ಬಿಚ್ಚಿ. ಮಳೆ ಹೊಡೆಯುವ ಗೋಡೆಗೆ ತಾಗಿದ ಕಪಾಟು ಬೇಡ.

ಪ್ರಶ್ನೆ: ವಿಜಯಪುರದಲ್ಲಿ ಪರಿಚಯದವರೊಬ್ಬರು ಜಾನ್ ಪ್ಲೇಯರ್ ಕಂಪನಿಯ 1938ರ ಬ್ರಾಡ್‌ಮನ್ ಸಿಗರೇಟ್ ಕಾರ್ಡಿಗೆ ಹತ್ತು ಸಾವಿರ ಕೇಳುತ್ತಿದ್ದಾರೆ. ಅಸಲಿ ಅಂತ ಹೇಗೆ ತಿಳಿಯುವುದು?

ಉತ್ತರ: ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ಲೈಟು ಇರುತ್ತದಲ್ಲ, ಕತ್ತಲಲ್ಲಿ ಅದರ ಕೆಳಗೆ ಹಿಡಿಯಿರಿ. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ಹೆಚ್ಚಾಗಿದ್ದು 1950ರ ಆಸುಪಾಸಿನಿಂದ ಈಚೆಗೆ. ಕಾಗದ ನೀಲಿ ಬಿಳಿಯಾಗಿ ಫಳಫಳ ಹೊಳೆದರೆ ಅದು ಈಚಿನ ಮರುಮುದ್ರಣ ಅಂತ ಅನುಮಾನ ಪಡಿ. ಹೊಳೆಯದಿದ್ದರೆ ಅಸಲಿ ಅಂತ ಗ್ಯಾರಂಟಿ ಏನಿಲ್ಲ. ಅಳತೆ ಸುಮಾರು 36 ಮಿ.ಮೀ. ಅಗಲ, 68 ಮಿ.ಮೀ. ಉದ್ದ ಇರಬೇಕು. ಆದರೆ ಅಸಲಿಯಾದರೂ ಹತ್ತು ಸಾವಿರ ಕೊಡಬೇಡಿ. ಆ ಕಾರ್ಡುಗಳನ್ನು ರಾಶಿರಾಶಿ ಅಚ್ಚು ಹಾಕಿದ್ದರು, 50 ಕಾರ್ಡಿನ ಪೂರ್ತಿ ಸೆಟ್ಟೇ ಇಂಗ್ಲೆಂಡಿನಲ್ಲಿ ಈಗಲೂ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ.