ಅಣ್ಣನಿಗೆ ಆಟಿಸಂ ಇದ್ದರೆ ತಂಗಿಗೂ ಬರುವುದೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗನಿಗೆ ಆಟಿಸಂ ಇದೆ. ಎಂಟು ತಿಂಗಳ ಮಗಳಿಗೂ ಅದು ಬರಬಹುದೇ, ಡಾಕ್ಟರೇ?

ಉತ್ತರ: ಇತರ ಮಕ್ಕಳಿಗಿಂತ ಸಾಧ್ಯತೆ ಹೆಚ್ಚು, ಆದರೆ ಖಚಿತವಲ್ಲಮ್ಮ. ಆಟಿಸಂ ಎಂದರೆ ಮಗು ಇತರರೊಡನೆ ಬೆರೆಯುವ, ಸಂವಹನ ನಡೆಸುವ ಹಾಗೂ ವರ್ತಿಸುವ ರೀತಿಯಲ್ಲಿ ಕಾಣುವ ಬೆಳವಣಿಗೆಯ ವ್ಯತ್ಯಾಸ. ಆಟಿಸಂ ಇರುವ ಮಕ್ಕಳ ತಮ್ಮ ತಂಗಿಯರನ್ನು ಹಸುಳೆಯಿಂದ ಮೂರು ವರ್ಷದವರೆಗೆ ಗಮನಿಸಿ 2024ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಶೇ 20ರಷ್ಟು ಮಕ್ಕಳಲ್ಲಿ ಆಟಿಸಂ ಕಂಡುಬಂದಿತು. ಗಂಡುಮಕ್ಕಳಲ್ಲಿ ಶೇ 25, ಹೆಣ್ಣುಮಕ್ಕಳಲ್ಲಿ ಶೇ 13. ಇದಕ್ಕೆ ಆನುವಂಶಿಕತೆಯೇ ಮುಖ್ಯ ಕಾರಣ, ನಿಮ್ಮ ಪಾಲನೆಯ ಲೋಪವಲ್ಲ. ಈ ಮಾತನ್ನು ಮನೆಯ ಹಿರಿಯರಿಗೂ ದಯವಿಟ್ಟು ಓದಿ ಹೇಳಿ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ಮಗು ತಿರುಗುತ್ತದೆಯೇ, ಮುಂದೆ ಚಂದಮಾಮನತ್ತ ಬೆರಳು ತೋರಿ ನಿಮ್ಮ ಮುಖ ನೋಡುತ್ತದೆಯೇ ಎಂದು ಗಮನಿಸಿ. ಅನುಮಾನ ಬಂದರೆ, ‘ಹೆಣ್ಣುಮಗು, ತಡವಾಗಿ ಮಾತಾಡೀತು’ ಎಂದು ಕಾಯದೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ.